ಭಾನುವಾರ ಕಸ ಹೆಕ್ಕಿದರೆ ತುಂಗೆ ಉಳಿಯುತ್ತಾಳಾ?

ಪ್ರಶ್ನೆ: ನಾವು ಶಿವಮೊಗ್ಗದ ಹದಿನೈದು ಜನ ಗೆಳೆಯರು. ಕೆಲವರು ಅಂಗಡಿ ಇಟ್ಟವರು, ಕೆಲವರು ಕಾಲೇಜಿನವರು, ಇಬ್ಬರು ನಿವೃತ್ತ ಮೇಷ್ಟ್ರು. ಎಂಟು ತಿಂಗಳಿಂದ ಪ್ರತಿ ಭಾನುವಾರ ತುಂಗಾ ನದಿಯ ದಡದಲ್ಲಿ ಕಸ ಹೆಕ್ಕುತ್ತಿದ್ದೇವೆ. ಚೀಲಗಟ್ಟಲೆ ಪ್ಲಾಸ್ಟಿಕ್, ಹಳೇ ಬಟ್ಟೆ, ಒಡೆದ ದೇವರ ಫೋಟೋ ತೆಗೆದಿದ್ದೇವೆ. ಮುಂದಿನ ವಾರ ಹೋದರೆ ಮತ್ತೆ ಅಷ್ಟೇ ಕಸ. ನೀರಿನ ವಾಸನೆಯಂತೂ ಒಂದಿಷ್ಟೂ ಕಡಿಮೆ ಆಗಿಲ್ಲ. ತಂಡದಲ್ಲಿ ಬೇಸರ ಶುರುವಾಗಿದೆ. ವಿಜ್ಞಾನ ಓದಿದವರು ನಮ್ಮಲ್ಲಿ ಯಾರೂ ಇಲ್ಲ. ನಮ್ಮಂಥವರಿಂದ ನದಿಗೆ ನಿಜವಾಗಿ ಏನಾದರೂ ಉಪಯೋಗ ಆಗುತ್ತಾ? ಇನ್ನೊಂದು: ಸೂಕ್ಷ್ಮಾಣುಗಳಿರುವ ಮಣ್ಣಿನ ಉಂಡೆ ಹಾಕಿದರೆ ನೀರು ಶುದ್ಧವಾಗುತ್ತೆ ಅಂತ ಒಬ್ಬರು ಹೇಳುತ್ತಿದ್ದಾರೆ. ಹಾಕಬಹುದಾ?

ಉತ್ತರ: ಉಪಯೋಗ ಆಗುತ್ತೆ. ಆದರೆ ಈಗ ಮಾಡುತ್ತಿರುವ ಕೆಲಸದಿಂದ ಅಷ್ಟಾಗಿ ಅಲ್ಲ. ಬೇಜಾರು ಮಾಡಿಕೊಳ್ಳಬೇಡಿ. ನೀರು ಪರೀಕ್ಷೆ ಮಾಡುವುದನ್ನೇ ಕಸುಬು ಮಾಡಿಕೊಂಡ ನಾನೂ ಮೊದಲ ಕೆಲವು ವರ್ಷ ಇದೇ ತಪ್ಪು ಮಾಡಿದವನು.

ದಡದ ಕಸ ಬೇರೆ, ನೀರಿನ ಕೊಳೆ ಬೇರೆ. ನಿಮ್ಮ ಮೂಗಿಗೆ ಬಡಿಯುತ್ತಿರುವುದು ಪ್ಲಾಸ್ಟಿಕ್ಕಿನ ವಾಸನೆ ಅಲ್ಲ. ಕೊಳೆತ ಮೊಟ್ಟೆಯ ಹಾಗೆ ನಾತ ಬರುತ್ತಿದ್ದರೆ ಅಲ್ಲಿ ನೀರಿನಲ್ಲಿ ಕರಗಿದ ಆಮ್ಲಜನಕ ಮುಗಿದಿದೆ ಅಂತ ಅರ್ಥ. ಅದನ್ನು ಮುಗಿಸಿದ್ದು ಮನೆ, ಹೋಟೆಲು, ಲಾಡ್ಜುಗಳಿಂದ ಬರುವ ಕೊಳಚೆ. ಸೂಕ್ಷ್ಮಜೀವಿಗಳು ಆ ಕೊಳೆಯನ್ನು ತಿನ್ನುತ್ತವೆ, ತಿನ್ನುವಾಗ ಆಮ್ಲಜನಕ ಎಳೆದುಕೊಳ್ಳುತ್ತವೆ. ಒಂದು ಲೀಟರ್ ನೀರಿನ ಕೊಳೆ ತಿನ್ನಲು ಅವಕ್ಕೆ ಎಷ್ಟು ಮಿಲಿಗ್ರಾಂ ಆಮ್ಲಜನಕ ಬೇಕು ಅನ್ನುವ ಲೆಕ್ಕಕ್ಕೆ ಬಿಒಡಿ ಅಂತ ಹೆಸರು. ಪತ್ರಿಕೆಗಳಲ್ಲಿ ಓದಿರುತ್ತೀರಿ.

ಈ ಲೆಕ್ಕವನ್ನು ಕೊಡದಲ್ಲಿ ಹೇಳುತ್ತೇನೆ. ಮನೆ ಕೊಳಚೆಯ ಬಿಒಡಿ ಸುಮಾರು 250 ಇರುತ್ತೆ. ಸ್ನಾನಕ್ಕೆ ಯೋಗ್ಯ ಅನ್ನಿಸಿಕೊಳ್ಳಲು ಹೊಳೆ ನೀರಿನ ಬಿಒಡಿ 3 ಮೀರಬಾರದು. ಮೇಲಿನಿಂದ ಬರುವ ತುಂಗೆಯದು 1 ಅಂತಲೇ ಇಟ್ಟುಕೊಳ್ಳೋಣ. ಹಾಗಾದರೆ ಒಂದು ಕೊಡ ಕೊಳಚೆಯನ್ನು ಸರಿದೂಗಿಸಲು 120ಕ್ಕೂ ಜಾಸ್ತಿ ಕೊಡ ಒಳ್ಳೆ ನೀರು ಬೇಕು. ಆಗಸ್ಟ್‌ನಲ್ಲಿ ಕೋರ್ಪಲಯ್ಯನ ಮಂಟಪ ಮುಳುಗುವ ಹಾಗೆ ಹೊಳೆ ತುಂಬಿದಾಗ ಅಷ್ಟು ನೀರು ಇರುತ್ತೆ. ಮಾರ್ಚ್, ಏಪ್ರಿಲ್‌ನಲ್ಲಿ ಎಲ್ಲಿಂದ ತರುತ್ತೀರಿ?

2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ 351 ಕಲುಷಿತ ನದಿ ಭಾಗಗಳ ಪಟ್ಟಿ ಮಾಡಿತು. ಕರ್ನಾಟಕದವು 17. ಅದರಲ್ಲಿ ಶಿವಮೊಗ್ಗದಿಂದ, ಭದ್ರೆ ಬಂದು ಸೇರುವ ಕೂಡಲಿವರೆಗಿನ ತುಂಗೆಯೂ ಇದೆ. ಗಂಗಾಮೂಲದಲ್ಲಿ ಹುಟ್ಟಿ, ಶೃಂಗೇರಿಯಲ್ಲಿ ಮೀನುಗಳಿಗೆ ಮಂಡಕ್ಕಿ ತಿನ್ನಿಸಿ, ತೀರ್ಥಹಳ್ಳಿ ಹತ್ತಿರ ಚಿಪ್ಪಲಗುಡ್ಡೆಯ ಮತ್ಸ್ಯಧಾಮ ದಾಟಿ, 147 ಕಿ.ಮೀ. ಓಡಿ ಭದ್ರೆಯನ್ನು ಸೇರುವ ಹೊಳೆ ಇದು. ‘ಗಂಗಾ ಸ್ನಾನ, ತುಂಗಾ ಪಾನ’ ಅಂತ ಹೇಳಿಸಿಕೊಂಡವಳು ಪಟ್ಟಿಗೆ ಸೇರಿದ್ದು ಕೊನೆಯ ಕೆಲವೇ ಮೈಲಿಯಲ್ಲಿ, ನಮ್ಮ ಊರಿನ ಮೋರಿಗಳಿಂದ.

ಆದ್ದರಿಂದ ನನ್ನ ಸಲಹೆ ಇಷ್ಟು. ಮುಂದಿನ ನಾಲ್ಕು ಭಾನುವಾರ ಪೊರಕೆ, ಚೀಲ ಮನೆಯಲ್ಲೇ ಬಿಡಿ. ಒಂದು ನೋಟ್‌ಬುಕ್ ತಗೊಳ್ಳಿ. ಮೋರಿ ಎಣಿಸಿ.

ಊರು ಶುರುವಾಗುವ ಜಾಗದಿಂದ ಮುಗಿಯುವ ಜಾಗದವರೆಗೆ ಎರಡೂ ದಡ ನಡೆಯಿರಿ. ಹೊಳೆಗೆ ಸೇರುವ ಪ್ರತಿಯೊಂದು ಮೋರಿ, ಪೈಪು, ರಾಜಕಾಲುವೆಗೆ ಒಂದು ನಂಬರ್ ಕೊಡಿ. ಮೋರಿ 1, ಮೋರಿ 2, ಹೀಗೆ. ಫೋನಿನಲ್ಲಿ ಜಾಗ ಗುರುತು ಹಾಕಿ, ಫೋಟೋ ತೆಗೆಯಿರಿ. ಪ್ರತಿ ಸಲವೂ ಒಂದೇ ಕಲ್ಲಿನ ಮೇಲೆ ನಿಂತು ತೆಗೆಯಿರಿ, ಆ ಕಲ್ಲಿಗೆ ಬಣ್ಣದ ಚುಕ್ಕಿ ಇಟ್ಟುಬಿಡಿ. ಬೇರೆ ಬೇರೆ ಕಡೆಯಿಂದ ತೆಗೆದ ಫೋಟೋ ಹೋಲಿಕೆಗೆ ಬರುವುದಿಲ್ಲ.

ಈ ಕೆಲಸ ಜನವರಿಯಲ್ಲಿ ಮಾಡಿದರೆ ಬಹಳ ಒಳ್ಳೆಯದು. ಯಾಕೆ ಗೊತ್ತಾ? ರಾಜಕಾಲುವೆ ಇರುವುದು ಮಳೆ ನೀರಿಗೆ. ಮಳೆ ಇಲ್ಲದ ಜನವರಿಯಲ್ಲಿ ಅದು ಒಣಗಿರಬೇಕು. ಅದರಲ್ಲಿ ದಿನವೂ ನೀರು ಹರಿಯುತ್ತಿದೆ ಅಂದರೆ ಮೇಲೆ ಎಲ್ಲೋ ಮನೆಗಳು ಯುಜಿಡಿಗೆ (ಒಳಚರಂಡಿಗೆ) ಸೇರದೆ ಸೀದಾ ಕಾಲುವೆಗೆ ಬಿಟ್ಟಿವೆ, ಇಲ್ಲವೇ ಯಾವುದೋ ಮ್ಯಾನ್‌ಹೋಲ್ ಉಕ್ಕುತ್ತಿದೆ. ಇದನ್ನು ತಿಳಿಯಲು ಯಾವ ಯಂತ್ರವೂ ಬೇಡ. ಕಣ್ಣು ಸಾಕು.

ಮುಂದಿನದು ಎಷ್ಟು ಹರಿಯುತ್ತಿದೆ ಅನ್ನುವ ಲೆಕ್ಕ. ಇದಕ್ಕೆ ಒಂದು ಟೇಪು, ಒಂದು ಕೋಲು, ಒಂದು ನಿಂಬೆಹಣ್ಣು ಬೇಕು. ಮೋರಿಯ ನೇರವಾದ ಜಾಗ ನೋಡಿ 10 ಮೀಟರ್ ಅಳೆಯಿರಿ. ಮೇಲ್ಗಡೆಯಿಂದ ನಿಂಬೆಹಣ್ಣು ಬಿಡಿ. ಕೆಳಗೆ ಮುಟ್ಟಲು ಎಷ್ಟು ಸೆಕೆಂಡು ಆಯ್ತು ನೋಡಿ. ನೀರಿನ ಅಗಲ 60 ಸೆಂ.ಮೀ., ಆಳ 10 ಸೆಂ.ಮೀ., ನಿಂಬೆಹಣ್ಣಿಗೆ 25 ಸೆಕೆಂಡು ಹಿಡಿಯಿತು ಅಂತ ಇಟ್ಟುಕೊಳ್ಳಿ. ಸೆಕೆಂಡಿಗೆ 24 ಲೀಟರ್ ಆಯ್ತು. ಮೇಲಿನ ನೀರು ತಳದ ನೀರಿಗಿಂತ ಬೇಗ ಓಡುತ್ತೆ, ಅದಕ್ಕೆ ಶೇ. 15 ಕಳೆಯಿರಿ. ಸುಮಾರು 20 ಲೀಟರ್. ಇಡೀ ದಿನ ಹೀಗೇ ಹರಿದರೆ 17 ಲಕ್ಷ ಲೀಟರ್! ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು, ಅದರಲ್ಲಿ ಶೇ. 80 ಕೊಳಚೆಯಾಗಿ ಹೊರಗೆ ಅಂತ ಎಂಜಿನಿಯರುಗಳು ಲೆಕ್ಕ ಹಿಡಿಯುತ್ತಾರೆ. ಆ ಪ್ರಕಾರ ಆ ಪುಟ್ಟ ಮೋರಿಯಲ್ಲಿ ಸುಮಾರು 16,000 ಜನರ ಕೊಳಚೆ ಹೋಗುತ್ತಿದೆ. ‘ಮೋರಿ ನೀರು ಹೊಳೆಗೆ ಬರುತ್ತಿದೆ ಸ್ವಾಮಿ’ ಅನ್ನುವ ಅರ್ಜಿಗೂ, ‘ಮೋರಿ 7ರಿಂದ ಸೆಕೆಂಡಿಗೆ 20 ಲೀಟರ್ ಬರುತ್ತಿದೆ’ ಅನ್ನುವ ಅರ್ಜಿಗೂ ಇರುವ ವ್ಯತ್ಯಾಸ ನಿಮಗೇ ಗೊತ್ತಾಗುತ್ತೆ.

(ನಿಂಬೆಹಣ್ಣಿನ ಬಗ್ಗೆ ಒಂದು ಮಾತು. ಬೆಳ್ಳಂಬೆಳಿಗ್ಗೆ ಮೋರಿಗೆ ನಿಂಬೆಹಣ್ಣು ಬಿಡುತ್ತಾ ನಿಂತರೆ ಪಕ್ಕದ ಮನೆಯವರು ಮಾಟ ಅಂದುಕೊಳ್ಳುತ್ತಾರೆ. ನನಗೆ ಒಂದು ಸಲ ಒಬ್ಬ ಅಜ್ಜಿ ಚೆನ್ನಾಗಿ ಬೈದಿದ್ದಾರೆ. ಮೊದಲೇ ಹೇಳಿಬಿಡಿ, ಅವರನ್ನೂ ಪಕ್ಕ ನಿಲ್ಲಿಸಿಕೊಳ್ಳಿ. ಯಾವ ಮೋರಿ ಯಾವ ಹೊತ್ತಿಗೆ ನಾರುತ್ತೆ ಅಂತ ಅವರಿಗೆ ಗೊತ್ತಿರುವಷ್ಟು ಯಾವ ಎಂಜಿನಿಯರಿಗೂ ಗೊತ್ತಿರುವುದಿಲ್ಲ.)

ಹೊತ್ತು ಬಹಳ ಮುಖ್ಯ. ಮನೆ ಕೊಳಚೆ ಬೆಳಿಗ್ಗೆ 7ರಿಂದ 9ರವರೆಗೆ ಜೋರಾಗಿ ಬರುತ್ತೆ. ಮಧ್ಯಾಹ್ನ ಅದೇ ಮೋರಿ ಸಪ್ಪಗಿರುತ್ತೆ. ಕರೆಂಟ್ ಹೋದ ದಿನವನ್ನೂ ಬರೆದಿಡಿ. ಯುಜಿಡಿ ನೀರು ತಗ್ಗಿನಲ್ಲಿರುವ ವೆಟ್‌ವೆಲ್ ಅನ್ನುವ ಬಾವಿಗೆ ಬಂದು ಸೇರಿ, ಅಲ್ಲಿಂದ ಪಂಪಿನಲ್ಲಿ ಶುದ್ಧೀಕರಣ ಘಟಕಕ್ಕೆ ಏರಬೇಕು. ಊರಿನ ತಗ್ಗು ಅಂದರೆ ಹೊಳೆ ದಡ, ಅಲ್ವಾ? ಪಂಪ್ ನಿಂತರೆ, ಜನರೇಟರ್‌ಗೆ ಡೀಸೆಲ್ ಇಲ್ಲದಿದ್ದರೆ, ಬಾವಿ ತುಂಬಿ ಉಕ್ಕಿ ಹೊಳೆಗೇ ಹೋಗುತ್ತೆ. ಘಟಕ ಕಟ್ಟಿದ್ದಾರೆ, ಪೈಪ್ ಹಾಕಿದ್ದಾರೆ, ಆದರೂ ಹೊಳೆ ನಾರುತ್ತೆ ಅನ್ನುವ ಊರುಗಳಲ್ಲಿ ನಾನು ಮೊದಲು ನೋಡುವುದೇ ಇದನ್ನು. ಕರೆಂಟ್ ಹೋದ ಹೊತ್ತು ಮತ್ತು ಹೊಳೆ ನಾತ ಬಂದ ಹೊತ್ತು ಮೂರು ತಿಂಗಳು ಪಕ್ಕ ಪಕ್ಕ ಬರೆದರೆ, ಉತ್ತರ ಅಲ್ಲೇ ಕಾಣುತ್ತೆ.

ಹೊತ್ತು ತಪ್ಪಿ ನಾನೇ ಪೆಟ್ಟು ತಿಂದಿದ್ದೇನೆ. ಬಯಲುಸೀಮೆಯ ಒಂದು ಹೊಳೆಯಲ್ಲಿ ಮೀನು ಸಾಯುತ್ತಿವೆ ಅಂತ ಕರೆ ಬಂತು. ನಾನು ಹೋಗಿದ್ದು ಮಧ್ಯಾಹ್ನ 3 ಗಂಟೆಗೆ. ಕರಗಿದ ಆಮ್ಲಜನಕ ಲೀಟರಿಗೆ 9 ಮಿಲಿಗ್ರಾಂ ಬಂತು. ಬಹಳ ಒಳ್ಳೆ ನೀರು, ಬೇರೆ ಏನೋ ಕಾರಣ ಇರಬೇಕು ಅಂತ ಹೇಳಿ ಬಂದುಬಿಟ್ಟೆ. ಊರಿನವರು ನನ್ನ ಮುಖ ನೋಡಿ ಸುಮ್ನೆ ಇದ್ದರು. ಎರಡನೇ ಸಲ ಬೆಳಿಗ್ಗೆ 5:30ಕ್ಕೆ ಹೋಗಿ ಅಳೆದರೆ ಎರಡು ಮಿಲಿಗ್ರಾಂ ಕೂಡ ಇರಲಿಲ್ಲ. ನೀರು ಹಸಿರಾಗಿತ್ತು, ಪಾಚಿ ತುಂಬಿತ್ತು. ಪಾಚಿ ಹಗಲು ಬಿಸಿಲಿನಲ್ಲಿ ಆಮ್ಲಜನಕ ಬಿಡುತ್ತೆ, ರಾತ್ರಿಯಿಡೀ ಎಳೆದುಕೊಳ್ಳುತ್ತೆ. ಮೀನು ಸಾಯುವುದು ಬೆಳಗಿನ ಜಾವ. ಆಮ್ಲಜನಕ ಅಳೆಯುವ ಕಿಟ್ ಕೊಂಡರೆ ಸೂರ್ಯ ಹುಟ್ಟುವ ಮೊದಲೇ ಅಳೆಯಿರಿ, ಪ್ರತಿ ಸಲವೂ ಅದೇ ಹೊತ್ತಿಗೆ.

ಕಿಟ್ ಇಲ್ಲದಿದ್ದರೂ ಚಿಂತೆ ಇಲ್ಲ. ಹುಳುಗಳು ಇವೆ. ನನಗೆ ಈ ಕೆಲಸದಲ್ಲಿ ಅತಿ ಇಷ್ಟವಾದ ಭಾಗವೇ ಇದು. ಊರಿನ ಮೇಲ್ಗಡೆ, ಕಲ್ಲುಗಳ ಮೇಲೆ ನೀರು ಸರಸರ ಹರಿಯುವ ಮೊಣಕಾಲಿಗಿಂತ ಕಡಿಮೆ ಆಳದ ಜಾಗದಲ್ಲಿ ಅಂಗೈಯಗಲದ ಒಂದು ಕಲ್ಲನ್ನು ಮೆಲ್ಲಗೆ ಎತ್ತಿ. ಬಿಳಿ ತಟ್ಟೆಯ ಮೇಲೆ ಹಿಡಿದು ತಲೆಕೆಳಗು ಮಾಡಿ. ಚಪ್ಪಟೆ ಮೈ, ಹಿಂದೆ ಮೂರು ಕೂದಲಿನಂಥ ಬಾಲ, ಹೊಟ್ಟೆಯ ಎರಡೂ ಪಕ್ಕ ಪಟಪಟ ಬಡಿಯುವ ಪುಟ್ಟ ಕಿವಿರು ಇರುವ ಹುಳು ಕಂಡರೆ ಅದು ಮೇಫ್ಲೈ ಮರಿ. ಎರಡೇ ಬಾಲ ಇರುವುದು ಸಾಮಾನ್ಯವಾಗಿ ಸ್ಟೋನ್‌ಫ್ಲೈ. ಕಲ್ಲಿಗೆ ಅಂಟಿದ ಮರಳಿನ ಕಣಗಳ ಸಣ್ಣ ಗೂಡು ಕಂಡರೆ ಒಳಗೆ ಕ್ಯಾಡಿಸ್‌ಫ್ಲೈ ಮರಿ ಕೂತಿರುತ್ತೆ. ಈ ಮೂರಕ್ಕೂ ಒಳ್ಳೆ ಆಮ್ಲಜನಕ ಬೇಕು. ಈಗ ಮೋರಿಯ ಕೆಳಗೆ ಬಂದು ಅಂಥದ್ದೇ ಕಲ್ಲು ಎತ್ತಿ. ಅವು ಯಾವುವೂ ಇಲ್ಲ, ಕೆಸರಿನಲ್ಲಿ ಕೆಂಪು ದಾರದಂಥ ಹುಳುಗಳು ಮಾತ್ರ ನುಲಿಯುತ್ತಿವೆ ಅಂದರೆ ಕಥೆ ಮುಗಿಯಿತು. ನಮ್ಮ ರಕ್ತದಲ್ಲಿರುವ ಹಾಗೆ ಅವುಗಳ ಮೈಯಲ್ಲೂ ಹಿಮೋಗ್ಲೋಬಿನ್ ಇದೆ. ಅದಕ್ಕೇ ಕೆಂಪು. ಆಮ್ಲಜನಕ ಕಡಿಮೆ ಇರುವ ಕಡೆಯೂ ಅವು ಬದುಕುತ್ತವೆ.

ನೀರಿನ ಪರೀಕ್ಷೆ ಆ ಕ್ಷಣದ ಸ್ಥಿತಿ ಮಾತ್ರ ಹೇಳುತ್ತೆ. ರಾತ್ರಿ ಯಾರೋ ಟ್ಯಾಂಕರ್ ಖಾಲಿ ಮಾಡಿ ಹೋದರೆ ಬೆಳಿಗ್ಗೆಗೆ ನೀರು ತಿಳಿಯಾಗಿರುತ್ತೆ. ಹುಳು ಮಾತ್ರ ತಿಂಗಳುಗಟ್ಟಲೆ ಅಲ್ಲೇ ಬದುಕಿರಬೇಕು, ಸತ್ತರೆ ಮತ್ತೆ ಬರಲು ಹೊತ್ತು ಹಿಡಿಯುತ್ತೆ. ಬ್ರಿಟನ್ನಿನಲ್ಲಿ ಗಾಳ ಹಾಕುವ ಹವ್ಯಾಸಿಗಳು 2007ರಿಂದ ಇದೇ ಕೆಲಸ ಮಾಡುತ್ತಿದ್ದಾರೆ. ತಿಂಗಳಿಗೊಮ್ಮೆ ಎಂಟು ಗುಂಪಿನ ಹುಳು ಎಣಿಸುತ್ತಾರೆ. ಎಣಿಕೆ ಗೊತ್ತುಮಾಡಿದ ಮಟ್ಟಕ್ಕಿಂತ ಕೆಳಗಿಳಿದರೆ ಸರ್ಕಾರಿ ಸಂಸ್ಥೆಗೆ ತಿಳಿಸುತ್ತಾರೆ, ಅವರು ಬಂದು ತನಿಖೆ ಮಾಡುತ್ತಾರೆ. ಗಾಳ ಹಾಕುವವರು ವಿಜ್ಞಾನಿಗಳಲ್ಲ. ನಿಮ್ಮಂಥವರೇ.

ಮಲದ ಅಂಶ ತಿಳಿಯಲು ಎಚ್‌2ಎಸ್ ಬಾಟಲಿ ಇದೆ. ಗ್ವಾಲಿಯರಿನ ರಕ್ಷಣಾ ಪ್ರಯೋಗಾಲಯದ ವಿಜ್ಞಾನಿಗಳು 1982ರಲ್ಲಿ ಪ್ರಕಟಿಸಿದ ಸರಳ ವಿಧಾನ. ಗುರುತಿನವರೆಗೆ ನೀರು ತುಂಬಿ ಬೆಚ್ಚಗಿನ ಜಾಗದಲ್ಲಿ ಇಟ್ಟರೆ, ಮಲದ ಅಂಶ ಇದ್ದಲ್ಲಿ 24ರಿಂದ 48 ಗಂಟೆಯಲ್ಲಿ ಕಪ್ಪಾಗುತ್ತೆ. ಇದು ಕುಡಿಯುವ ನೀರಿಗೆ ಅಂತ ಮಾಡಿದ್ದು. ಹೊಳೆ ನೀರು ಹೇಗೂ ಕಪ್ಪಾಗಿಯೇ ಆಗುತ್ತೆ, ನೀವು ನೋಡಬೇಕಾದ್ದು ಎಷ್ಟು ಬೇಗ ಅನ್ನುವುದನ್ನು. ಮೋರಿಯ ಮೇಲಿನದು, ಕೆಳಗಿನದು ಎರಡು ಬಾಟಲಿ ಪಕ್ಕದಲ್ಲಿಟ್ಟು ಶಾಲೆ ಮಕ್ಕಳಿಗೆ ತೋರಿಸಿ, ಭಾಷಣವೇ ಬೇಡ. ಎಸೆಯುವ ಮೊದಲು ಬ್ಲೀಚಿಂಗ್ ಪುಡಿ ಹಾಕಿ. ಜಲ ಜೀವನ ಮಿಷನ್ ಅಡಿ ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆಯ ತರಬೇತಿ ಕೊಡುವ ವ್ಯವಸ್ಥೆ ಇದೆ. ಹೊಳೆ ದಡದ ಪಂಚಾಯ್ತಿಗಳಲ್ಲಿ ವಿಚಾರಿಸಿ. ಅವರು ನಿಮಗಿಂತ ಚೆನ್ನಾಗಿ ಮಾಡಿಯಾರು.

ಟಿಡಿಎಸ್ ಮೀಟರ್ ಬಗ್ಗೆ ಹುಷಾರು. ಅದು ತೋರಿಸುವುದು ಕರಗಿದ ಉಪ್ಪಿನಂಶ ಮಾತ್ರ. ನಂಬರ್ ಕಡಿಮೆ ಬಂತು ಅಂತ ನೀರು ಶುದ್ಧ ಅಲ್ಲ. ಆದರೆ ಮಲೆನಾಡಿನ ಹೊಳೆಯಲ್ಲಿ ಉಪ್ಪಿನಂಶ ಸಹಜವಾಗಿಯೇ ಕಡಿಮೆ, ಕೊಳಚೆಯಲ್ಲಿ ಅದರ ಹಲವು ಪಟ್ಟು. ದಡದುದ್ದಕ್ಕೂ ಮೀಟರ್ ಅದ್ದುತ್ತಾ ಹೋಗಿ, ನಂಬರ್ ಥಟ್ಟನೆ ಏರಿದ ಜಾಗದಲ್ಲಿ ಗಿಡದ ಮರೆಯಲ್ಲಿ ಒಂದು ಪೈಪು ಇದ್ದೇ ಇರುತ್ತೆ. ಅಷ್ಟಕ್ಕೆ ಅದು ಬಹಳ ಒಳ್ಳೆಯದು.

ನೊರೆ ಕಂಡ ಕೂಡಲೇ ಗಾಬರಿಯಾಗಿ ವಿಡಿಯೋ ಹಾಕಬೇಡಿ. ಮೊದಲ ಮಳೆಗೆ ಕಾಡಿನ ಎಲೆ ಕೊಳೆತ ನೀರು ಬಂದಾಗ ಕಂದು ನೊರೆ ಬರುವುದು ಸಹಜ. ಬೆಳ್ಳಗಿದ್ದು, ಸೋಪಿನ ವಾಸನೆ ಬಂದು, ಒಂದು ಮೋರಿಯ ಬಾಯಿಂದಲೇ ಶುರುವಾಗಿದ್ದರೆ ಅದು ಬೇರೆ ಮಾತು. ಒಂದು ಸಲ ಸುಳ್ಳು ಕೂಗಿದರೆ ಎರಡನೇ ಸಲ ಅಧಿಕಾರಿಗಳು ಫೋನ್ ಎತ್ತುವುದಿಲ್ಲ.

ಈಗ ನೋಟ್‌ಬುಕ್ ಹಿಡಿದು ಎಲ್ಲಿಗೆ ಹೋಗಬೇಕು? ನಿಮ್ಮ ಪರೀಕ್ಷೆ ಕೋರ್ಟಿನಲ್ಲಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಸ್ಯಾಂಪಲ್ಲಿನ ಜಾಗಕ್ಕೆ ಬರುವುದಿಲ್ಲ. 1974ರ ಜಲ ಕಾಯ್ದೆ ಪ್ರಕಾರ ಮಂಡಳಿಯವರೇ ಬಂದು, ಸಂಬಂಧಪಟ್ಟವರಿಗೆ ನೋಟಿಸ್ ಕೊಟ್ಟು, ಸ್ಯಾಂಪಲ್ ತೆಗೆದು ಸೀಲ್ ಮಾಡಬೇಕು. ಆದರೆ ಅವರು ಯಾವ ಮೋರಿಗೆ, ಯಾವ ಹೊತ್ತಿಗೆ ಬರಬೇಕು ಅಂತ ಹೇಳುವವರು ನೀವು. ಕೆಲವೇ ಸಿಬ್ಬಂದಿ ಇಟ್ಟುಕೊಂಡು ಇಡೀ ಜಿಲ್ಲೆ ನೋಡಬೇಕಾದವರು ಮಧ್ಯಾಹ್ನ 12ಕ್ಕೆ ಬಂದು ಸಪ್ಪೆ ನೀರು ತುಂಬಿಕೊಂಡು ಹೋಗುತ್ತಾರೆ. ‘ಮೋರಿ 7, ಬೆಳಿಗ್ಗೆ 7:30, ಆರು ವಾರದ ದಾಖಲೆ ಲಗತ್ತಿಸಿದೆ’ ಅಂತ ಬರೆದುಕೊಟ್ಟು ಸ್ವೀಕೃತಿ ತಗೊಳ್ಳಿ. ಮೋರಿ ಪಾಲಿಕೆಯದ್ದಾದರೆ ಪಾಲಿಕೆಗೆ, ಪೈಪು ಮತ್ತು ಪಂಪಿನದ್ದಾದರೆ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿಗೂ ಒಂದು ಪ್ರತಿ ಕೊಡಿ. ಒಬ್ಬರ ಮೇಲೊಬ್ಬರು ಹಾಕುತ್ತಾರೆ, ಅದಕ್ಕೇ ಎಲ್ಲರಿಗೂ ಒಂದೇ ದಿನ ಕೊಡಿ.

ಮಾಹಿತಿ ಹಕ್ಕಿನ ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯ ಇರಬೇಕು. ‘ನದಿ ಯಾಕೆ ಹಾಳಾಗಿದೆ’ ಅಂತ ಕೇಳಿದರೆ ಏನೂ ಸಿಗುವುದಿಲ್ಲ. ‘ಕಳೆದ 12 ತಿಂಗಳಲ್ಲಿ ಶುದ್ಧೀಕರಣ ಘಟಕಕ್ಕೆ ಪ್ರತಿದಿನ ಬಂದ ಕೊಳಚೆ ನೀರಿನ ಪ್ರಮಾಣ, ಲಾಗ್‌ಬುಕ್‌ನ ಪ್ರತಿ ಕೊಡಿ’ ಅಂತ ಕೇಳಿ. ಘಟಕದ ಸಾಮರ್ಥ್ಯ ಎಷ್ಟು, ಬರುತ್ತಿರುವುದು ಎಷ್ಟು ಅಂತ ನೋಡಿದರೆ ಉಳಿದದ್ದು ಎಲ್ಲಿ ಹೋಗುತ್ತಿದೆ ಅಂತ ನಿಮ್ಮ ಮೋರಿ ಪಟ್ಟಿಯೇ ಹೇಳುತ್ತೆ. ಏನೂ ಆಗದಿದ್ದರೆ ಆ ಜಲ ಕಾಯ್ದೆಯಲ್ಲಿ ಯಾರು ಬೇಕಾದರೂ 60 ದಿನದ ನೋಟಿಸ್ ಕೊಟ್ಟು ನ್ಯಾಯಾಲಯಕ್ಕೆ ದೂರು ಕೊಡಬಹುದು. ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ ಚೆನ್ನೈಯಲ್ಲಿದೆ. ಆದರೆ ಅದು ಕೊನೆಯ ಮೆಟ್ಟಿಲು. ಮೊದಲೇ ಅಲ್ಲಿಗೆ ಓಡಿದರೆ ಊರಿನ ಎಂಜಿನಿಯರ್ ನಿಮ್ಮ ಶತ್ರು ಆಗುತ್ತಾರೆ. ಅವರಿಗೂ ಅನುದಾನ ಕೇಳಲು ನಿಮ್ಮ ನೋಟ್‌ಬುಕ್ ಬೇಕಾಗುತ್ತೆ, ಇದು ನನ್ನ ಅನುಭವ.

ಇದು ಹೊಸ ಮಾತೇನಲ್ಲ. 1980ರ ದಶಕದಲ್ಲಿ ಹರಿಹರದ ಬಳಿ ಕಾರ್ಖಾನೆ ನೀರಿನಿಂದ ತುಂಗಭದ್ರೆ ಕೆಟ್ಟಾಗ ಕೆಳಗಿನ ಊರುಗಳ ರೈತರು, ಮೀನುಗಾರರು ಸಮಾಜ ಪರಿವರ್ತನ ಸಮುದಾಯದ ಜೊತೆ ಹೋರಾಟಕ್ಕಿಳಿದಿದ್ದರು. ಅವರ ಕೈಯಲ್ಲಿ ಪ್ರಯೋಗಾಲಯ ಇರಲಿಲ್ಲ. ಸತ್ತ ಮೀನು ಇತ್ತು, ಹೊಳೆಯನ್ನು ದಿನಾ ನೋಡುವ ಕಣ್ಣಿತ್ತು.

ಊರಿನ ಮೇಲ್ಗಡೆಯೂ ಒಂದು ಸಲ ಕಣ್ಣು ಹಾಯಿಸಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಾಫಿ ಪಲ್ಪಿಂಗ್ ನೀರು ಹಳ್ಳಕ್ಕೆ ಬಿಟ್ಟರೆ ಅದರ ಬಿಒಡಿ ಮನೆ ಕೊಳಚೆಯ ಹಲವು ಪಟ್ಟು. ಮಳೆಗಾಲದಲ್ಲಿ ಅಡಕೆಗೆ ಔಷಧಿ ಹೊಡೆದವರು ಬೋರ್ಡೋ ಡ್ರಮ್ಮನ್ನು ಹಳ್ಳದಲ್ಲೇ ತೊಳೆಯುತ್ತಾರೆ. 100 ಲೀಟರಿಗೆ 1 ಕೆಜಿ ಮೈಲುತುತ್ತ ಬೆರೆಸಿದ ನೀರು ಅದು. ತಾಮ್ರ ಮೀನಿಗೆ ವಿಷ, ಮಲೆನಾಡಿನ ಮೆದು ನೀರಿನಲ್ಲಿ ಇನ್ನೂ ಜಾಸ್ತಿ. ಇದಕ್ಕೆ ದೂರು, ನೋಟಿಸ್ ಬೇಡ. ಡ್ರಮ್ ತೊಳೆದ ನೀರನ್ನು ತೋಟಕ್ಕೇ ಚೆಲ್ಲಿ ಮಾರಾಯ್ರೆ ಅಂತ ಸೊಸೈಟಿ ಮೀಟಿಂಗಿನಲ್ಲಿ ನಾಲ್ಕು ಮಾತು ಆಡಿದರೆ ಸಾಕು.

ಹಾಗಂತ ಕಸ ಹೆಕ್ಕುವುದನ್ನು ಪೂರ್ತಿ ನಿಲ್ಲಿಸಬೇಡಿ. ತಿಂಗಳಿಗೊಮ್ಮೆ ಮಾಡಿ, ಆದರೆ ವಿಂಗಡಿಸಿ ಎಣಿಸಿ. ಹೋಟೆಲ್ ಪಾರ್ಸೆಲ್ ಕವರ್ ಎಷ್ಟು, ಡೈಪರ್ ಎಷ್ಟು, ಬಟ್ಟೆ ಎಷ್ಟು. ಡೈಪರ್ ಜಾಸ್ತಿ ಇದ್ದರೆ ಕಸದ ಗಾಡಿ ಬರುವ ಹೊತ್ತಿನಲ್ಲಿ ತೊಂದರೆ ಇದೆ. ಬಟ್ಟೆ ಜಾಸ್ತಿ ಇದ್ದರೆ ಸ್ನಾನಘಟ್ಟದಲ್ಲಿ ಒಂದು ದೊಡ್ಡ ಬುಟ್ಟಿ, ಪಕ್ಕದಲ್ಲಿ ಮಾತಾಡುವ ಒಬ್ಬರು ಬೇಕು. ಬೋರ್ಡು ಯಾರೂ ಓದುವುದಿಲ್ಲ. ತೀರ್ಥಕ್ಷೇತ್ರಗಳ ನದಿಗಳಿಂದ 500 ಮೀಟರ್ ಒಳಗೆ ಸೋಪು, ಶಾಂಪೂ ಮಾರಬಾರದು ಅಂತ 2025ರಲ್ಲಿ ರಾಜ್ಯದ ಅರಣ್ಯ, ಪರಿಸರ ಸಚಿವರು ಸೂಚನೆ ಕೊಟ್ಟಿದ್ದರು. ಅದನ್ನು ದೇವಸ್ಥಾನದ ಸಮಿತಿಗೆ ನೆನಪಿಸಲು ನಿಮ್ಮ ಇಬ್ಬರು ಮೇಷ್ಟ್ರೇ ಸರಿ. ಹೊಳೆ ತುಂಬಿದಾಗ ಬಾಗಿನ ಕೊಡುವವರಿಗೆ ಮೊರದಿಂದ ಪ್ಲಾಸ್ಟಿಕ್ ಕವರ್ ತೆಗೆದುಬಿಡಿ ಅನ್ನಿ. ಬೈಯುವುದಿಲ್ಲ, ಕೇಳುತ್ತಾರೆ.

ಮೈ ಜೋಪಾನ. ಮಳೆಗಾಲದಲ್ಲಿ ನೀರಿಗೆ ಇಳಿಯಲೇಬೇಡಿ. ಗಾಜನೂರಿನ ಅಣೆಕಟ್ಟಿನಲ್ಲಿ ಗೇಟ್ ತೆಗೆದರೆ ಹೊಳೆ ನೋಡನೋಡುತ್ತಲೇ ಏರುತ್ತೆ. ಕಾಲಿನಲ್ಲಿ ಗಾಯ ಇದ್ದವರು ದಡದಲ್ಲೇ ಇರಲಿ, ಇಲಿ ಜ್ವರ ತಮಾಷೆ ಅಲ್ಲ. ಗಮ್‌ಬೂಟು, ದಪ್ಪ ಗ್ಲೌಸು ಬೇಕೇ ಬೇಕು. ಬೇಸಿಗೆಯಲ್ಲಿ ಕಾಡಿನಂಚಿನ ಹಳ್ಳಗಳಿಗೆ ಹೋದರೆ ಉಣುಗು ನೋಡಿಕೊಳ್ಳಿ, ಮಂಗನ ಕಾಯಿಲೆಯ ಜಿಲ್ಲೆ ನಮ್ಮದು. ಮ್ಯಾನ್‌ಹೋಲಿಗೆ ಯಾರೂ ತಲೆ ಹಾಕಬಾರದು, ಇಣುಕಲೂ ಬಾರದು.

ಕೊನೆಗೆ ಮಣ್ಣಿನ ಉಂಡೆ. ಹಾಕಬೇಡಿ. ಕೊಳಚೆ ನೀರಿನಲ್ಲಿ ಸೂಕ್ಷ್ಮಾಣುಗಳಿಗೆ ಬರಗಾಲ ಇಲ್ಲ, ಒಂದು ಚಮಚದಲ್ಲೇ ಕೋಟಿಗಟ್ಟಲೆ ಇವೆ. ಇಲ್ಲದಿರುವುದು ಆಮ್ಲಜನಕ ಮತ್ತು ಪುರುಸೊತ್ತು. ಶುದ್ಧೀಕರಣ ಘಟಕದಲ್ಲಿ ಮಾಡುವುದೂ ಅಷ್ಟೇ, ಗಾಳಿ ಊದಿ ಅದೇ ಸೂಕ್ಷ್ಮಾಣುಗಳಿಗೆ ಗಂಟೆಗಟ್ಟಲೆ ಹೊತ್ತು ಕೊಡುತ್ತಾರೆ. ಹರಿಯುವ ಹೊಳೆಗೆ ಇವತ್ತು ಹಾಕಿದ ಉಂಡೆ ಕರಗಿ ನಾಳೆಗೆ ಕೂಡಲಿ ದಾಟಿರುತ್ತೆ. ಆ ದುಡ್ಡಿಗೆ ಹದಿನೈದು ಜೊತೆ ಗಮ್‌ಬೂಟು ತಗೊಳ್ಳಿ. ಉಳಿದರೆ ಒಂದು ಡಜನ್ ನಿಂಬೆಹಣ್ಣು.